ಟಿಕೆಟ್ ತಗೊಂಡ ಮೇಲೆ ವಿಮಾನದ ರೇಟು ಇಳಿದರೆ ದುಡ್ಡು ವಾಪಸ್ ಬರುತ್ತಾ?

ಕಳೆದ ವರ್ಷ ದಸರಾ ರಜೆಗೆ ಮನೆಮಂದಿಯೆಲ್ಲ ದೆಹಲಿಗೆ ಹೋಗೋಣ ಅಂತಾಯಿತು. ಬೇಗ ಬುಕ್ ಮಾಡಿದರೆ ಅಗ್ಗ ಎಂಬ ಮಾತನ್ನು ನಂಬಿ ಎರಡು ತಿಂಗಳು ಮೊದಲೇ ನಾಲ್ಕು ಟಿಕೆಟ್ ತೆಗೆದೆ. ಬೆಂಗಳೂರಿನಿಂದ ದೆಹಲಿಗೆ ತಲೆಗೆ 7,450 ರೂಪಾಯಿ. ಹನ್ನೆರಡು ದಿನ ಕಳೆದಿರಬೇಕು, ಭಾಮೈದ ಫೋನ್ ಮಾಡಿದ. ಅವನೂ ಜೊತೆಗೆ ಬರುತ್ತಾನಂತೆ. ಅದೇ ದಿನ, ಅದೇ ವಿಮಾನ. ಅವನು ಕೊಟ್ಟದ್ದು 5,200. "ಭಾವ, ನೀವು ಸ್ವಲ್ಪ ತಡೀಬೇಕಿತ್ತು" ಅಂದ. ಅವನ ದನಿಯಲ್ಲಿ ಸಹಾನುಭೂತಿ ಇತ್ತು. ಅದೇ ಜಾಸ್ತಿ ಉರಿಯಿತು.

ಲೆಕ್ಕ ಹಾಕಿದೆ. ತಲೆಗೆ 2,250, ನಾಲ್ಕು ಜನಕ್ಕೆ 9,000. ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ, ವ್ಯತ್ಯಾಸ ವಾಪಸ್ ಕೊಡ್ತೀರಾ ಅಂತ ಕೇಳಿದೆ. ಆಕಡೆಯ ಹುಡುಗಿ ಸಿಟ್ಟು ಮಾಡಿಕೊಳ್ಳಲಿಲ್ಲ. "ಸರ್, ರೇಟ್ ಜಾಸ್ತಿ ಆಗಿದ್ದಿದ್ರೆ ನಾವು ನಿಮ್ಮ ಹತ್ರ ಇನ್ನಷ್ಟು ಕೇಳ್ತಿದ್ವಾ?" ಅಂದಳು. ತಕ್ಷಣಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾದರೆ ಕ್ಯಾನ್ಸಲ್ ಮಾಡಿ ಹೊಸದಾಗಿ ತಗೋತೀನಿ ಅಂದೆ. ಕ್ಯಾನ್ಸಲ್ ಮಾಡಲು ಒಬ್ಬರಿಗೆ 3,500 ಹಿಡಿಯುತ್ತಾರಂತೆ. ನಾಲ್ಕು ಜನಕ್ಕೆ 14,000. ಒಂಬತ್ತು ಸಾವಿರ ಉಳಿಸಲು ಹದಿನಾಲ್ಕು ಸಾವಿರ ಕಳೆಯಬೇಕು. ಫೋನ್ ಇಟ್ಟೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಇಷ್ಟೇ: ಇಲ್ಲ, ಬರುವುದಿಲ್ಲ. ದರ ಇಳಿದರೆ ವ್ಯತ್ಯಾಸ ಕೊಡಬೇಕು ಎಂದು ಹೇಳುವ ಯಾವ ನಿಯಮವೂ ಇಲ್ಲ. ಆದರೆ ಅಮೆರಿಕದಲ್ಲಿರುವ ನಮ್ಮವರನ್ನು ಕೇಳಿ ನೋಡಿ. ಅಲ್ಲೂ ಅಂಥ ನಿಯಮ ಇಲ್ಲ, ಆದರೂ ಎಷ್ಟೋ ಜನ ಆರಾಮಾಗಿ ವ್ಯತ್ಯಾಸ ವಾಪಸ್ ಪಡೆಯುತ್ತಾರೆ. ನಿಯಮ ಇಲ್ಲದೆಯೂ ಅಲ್ಲಿ ಸಿಗುವುದು ಇಲ್ಲಿ ಯಾಕೆ ಸಿಗುವುದಿಲ್ಲ? ಕಾರಣ ನನ್ನ ಆ ಫೋನ್ ಕರೆಯಲ್ಲೇ ಇತ್ತು. ನಾನು ಕೋಪ ಮಾಡಿಕೊಂಡದ್ದು 2,250ರ ಮೇಲೆ. ಅಡ್ಡ ಬಂದದ್ದು 3,500.

ಒಂದೇ ಸೀಟು, ಹತ್ತು ರೇಟು

ಮೊದಲು ದರ ಯಾಕೆ ಇಳಿಯುತ್ತದೆ ಅಂತ ನೋಡೋಣ. ವಿಮಾನದಲ್ಲಿ 180 ಎಕಾನಮಿ ಸೀಟು ಇದ್ದರೆ ಅಷ್ಟಕ್ಕೂ ಒಂದೇ ರೇಟು ಇರುವುದಿಲ್ಲ. ಸೀಟುಗಳನ್ನು ಲೆಕ್ಕದಲ್ಲಿ ಬೇರೆ ಬೇರೆ ಖಾನೆಗಳಿಗೆ ಹಂಚಿರುತ್ತಾರೆ. ಈ ಉದ್ಯಮದವರು ಅದನ್ನು ಬಕೆಟ್ ಅನ್ನುತ್ತಾರೆ. ಒಂದೊಂದು ಖಾನೆಗೂ ಇಂಗ್ಲಿಷಿನ ಒಂದು ಅಕ್ಷರ, ಒಂದು ದರ. ಅಗ್ಗದ ಖಾನೆ ಖಾಲಿಯಾದರೆ ಮೇಲಿನದು ತೆರೆಯುತ್ತದೆ. ಎಂದಿನಷ್ಟು ವೇಗವಾಗಿ ಸೀಟು ಹೋಗದಿದ್ದರೆ ಮುಚ್ಚಿದ್ದ ಕೆಳಗಿನ ಖಾನೆ ಮತ್ತೆ ತೆರೆಯುತ್ತದೆ. ನಮಗೆ ಅದು ರೇಟು ಇಳಿಯಿತು ಅಂತ ಕಾಣುತ್ತದೆ. ಅವರ ಪ್ರಕಾರ ರೇಟು ಎಲ್ಲೂ ಹೋಗಿಲ್ಲ, ಖಾನೆ ಬದಲಾಗಿದೆ ಅಷ್ಟೆ.

ಈ ಲೆಕ್ಕ ಹೊಸದೇನಲ್ಲ. ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯಲ್ಲಿದ್ದ ಕೆನ್ ಲಿಟಲ್‌ವುಡ್ 1972ರಲ್ಲೇ ಇದರ ಮೂಲ ಸೂತ್ರ ಬರೆದರು. ಇವತ್ತು ಈ ಸೀಟನ್ನು ಅಗ್ಗಕ್ಕೆ ಮಾರಲೋ, ನಾಳೆ ದುಬಾರಿಗೆ ಕೊಳ್ಳುವವನು ಬರಬಹುದೆಂದು ಇಟ್ಟುಕೊಳ್ಳಲೋ? ಅದನ್ನು ಹೇಳುವ ಸೂತ್ರ ಅದು. ಇದು ಎಷ್ಟು ದೊಡ್ಡ ಆಯುಧ ಅಂತ ಜಗತ್ತಿಗೆ ಗೊತ್ತಾದದ್ದು 1985ರಲ್ಲಿ. ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ಕಂಪನಿ ಅಮೆರಿಕದಲ್ಲಿ ಎಲ್ಲರ ಗಿರಾಕಿಗಳನ್ನೂ ಸೆಳೆಯುತ್ತಿತ್ತು. ಅಮೆರಿಕನ್ ಏರ್‌ಲೈನ್ಸ್ ತನ್ನ ಎಲ್ಲ ಸೀಟಿನ ದರ ಇಳಿಸಲಿಲ್ಲ. ಕೆಲವನ್ನು ಮಾತ್ರ ಇಳಿಸಿತು. ಮೊದಲೇ ಬುಕ್ ಮಾಡಬೇಕು, ಕ್ಯಾನ್ಸಲ್ ಮಾಡಿದರೆ ದಂಡ ಕೊಡಬೇಕು ಎಂಬ ಷರತ್ತನ್ನೂ ಜೊತೆಗೆ ಸೇರಿಸಿತು. ಉಳಿದ ಸೀಟುಗಳು ಹಳೆಯ ದುಬಾರಿ ದರದಲ್ಲೇ ಉಳಿದವು. ಮರುವರ್ಷವೇ ಪೀಪಲ್ ಎಕ್ಸ್‌ಪ್ರೆಸ್ ಇನ್ನೊಂದು ಕಂಪನಿಯ ಪಾಲಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಕ್ಯಾನ್ಸಲ್ ಶುಲ್ಕ ಹುಟ್ಟಿದ್ದು ಕಂಪನಿಗೆ ಆಗುವ ನಷ್ಟ ತುಂಬಿಕೊಳ್ಳಲು ಮಾತ್ರ ಅಲ್ಲ. ಆಫೀಸ್ ಕೆಲಸಕ್ಕೆ ಓಡಾಡುವವರು ಯಾವಾಗ ಬೇಕಾದರೂ ದಿನ ಬದಲಿಸುತ್ತಾರೆ. ಅವರು ಅಗ್ಗದ ಟಿಕೆಟಿಗೆ ಕೈ ಹಾಕದ ಹಾಗೆ ಕಟ್ಟಿದ ಬೇಲಿ ಅದು. ಆ ಬೇಲಿಯೊಳಗೆ ಈಗ ನಾವು, ರಜೆಗೆ ಹೋಗುವ ಸಂಸಾರಸ್ಥರು, ಸಿಕ್ಕಿಕೊಂಡಿದ್ದೇವೆ.

ಖಾನೆಗಳ ಲೆಕ್ಕದಲ್ಲಿ ಇನ್ನೊಂದು ಚಮತ್ಕಾರ ಇದೆ. ಭಾಮೈದ ಫೋನ್ ಮಾಡಿದ ಸಂಜೆ ನಾಲ್ಕು ಜನಕ್ಕೆ ಅಂತ ಹಾಕಿ ಅದೇ ವಿಮಾನ ಹುಡುಕಿದೆ. ತಲೆಗೆ 6,300 ತೋರಿಸಿತು. ಒಬ್ಬರಿಗೆ ಹಾಕಿದರೆ 5,200! ಅಗ್ಗದ ಖಾನೆಯಲ್ಲಿ ಇದ್ದದ್ದು ಒಂದೋ ಎರಡೋ ಸೀಟು. ನಾಲ್ಕು ಸೀಟು ಒಟ್ಟಿಗೆ ಕೇಳಿದರೆ ನಾಲ್ಕೂ ಸಿಗುವ ಖಾನೆಯ ದರವನ್ನೇ ಎಲ್ಲರಿಗೂ ಹಾಕುತ್ತಾರೆ. ಅಂದರೆ ನನಗೆ ನಿಜಕ್ಕೂ ಆಗಿದ್ದ ನಷ್ಟ ಒಂಬತ್ತು ಸಾವಿರ ಅಲ್ಲ, 4,600. ದರ ಇಳಿದಿದೆ ಅಂತ ಹೊಟ್ಟೆ ಉರಿಸಿಕೊಳ್ಳುವ ಮೊದಲು ನಿಮಗೆ ಬೇಕಾದಷ್ಟೇ ಸೀಟಿಗೆ ಹುಡುಕಿ ನೋಡಿ. ಅದಕ್ಕಿಂತ ಮುಖ್ಯ, ಮೊದಲ ಸಲ ಬುಕ್ ಮಾಡುವಾಗಲೇ ಒಬ್ಬರಿಗೆ, ಇಬ್ಬರಿಗೆ ಬೇರೆ ಬೇರೆ ಹಾಕಿ ನೋಡಿ. ಎರಡು ಬುಕಿಂಗ್ ಮಾಡಿದರೆ ಕೆಲವೊಮ್ಮೆ ಉಳಿತಾಯ ಆಗುತ್ತದೆ. ಪುಟ್ಟ ಮಕ್ಕಳಿದ್ದರೆ ಮಾತ್ರ ಈ ಉಪಾಯ ಬೇಡ, ಒಂದು ಬುಕಿಂಗಿನ ಸಮಯ ಬದಲಾಗಿ ಇನ್ನೊಂದು ಹಾಗೇ ಉಳಿದರೆ ಫಜೀತಿ.

ಹಬ್ಬದ ಸಮಯದಲ್ಲಿ ದರ ಇಳಿಯಲು ಇನ್ನೊಂದು ಕಾರಣ ಸೇರುತ್ತದೆ. 2025ರ ಅಕ್ಟೋಬರಿನಲ್ಲಿ ದೀಪಾವಳಿಯ ದರಗಳ ಬಗ್ಗೆ ಗಲಾಟೆ ಎದ್ದಾಗ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ, ವಿಮಾನಗಳನ್ನು ಹೆಚ್ಚಿಸಿ ಎಂದು ಕಂಪನಿಗಳಿಗೆ ಹೇಳಿತು. ಇಂಡಿಗೋ, ಏರ್ ಇಂಡಿಯಾ ಗುಂಪು, ಸ್ಪೈಸ್‌ಜೆಟ್ ಸೇರಿ 1,700ಕ್ಕೂ ಜಾಸ್ತಿ ಹೆಚ್ಚುವರಿ ಹಾರಾಟ ಒಪ್ಪಿಕೊಂಡವು. ಹೊಸ ವಿಮಾನ ಬಂತು ಅಂದರೆ ಹೊಸ ಅಗ್ಗದ ಖಾನೆಗಳು ಬಂದವು ಅಂತ ಅರ್ಥ. ಅದಕ್ಕೆ ಒಂದು ವಾರ ಮೊದಲು ಭಯಬಿದ್ದು ಟಿಕೆಟ್ ತೆಗೆದವರ ಗತಿ? ಅವರ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಆ ಹುಡುಗಿಯ ಪ್ರಶ್ನೆ

ಜಾಸ್ತಿ ಆಗಿದ್ದಿದ್ರೆ ಕೇಳ್ತಿದ್ವಾ ಅಂದಳಲ್ಲ, ಆ ಪ್ರಶ್ನೆಯಲ್ಲಿ ಹುರುಳಿದೆ. ವಿಮಾನದ ಟಿಕೆಟ್ ಅನ್ನುವುದು ಎರಡೂ ಕಡೆಯವರು ಆ ಕ್ಷಣದ ದರಕ್ಕೆ ಮಾಡಿಕೊಂಡ ಕರಾರು. ಆಮೇಲೆ ದರ ಏರಿದರೆ ನೀವು ಬಚಾವ್, ಇಳಿದರೆ ಕಂಪನಿ ಬಚಾವ್. ಏರಿದಾಗ ಸುಮ್ಮನಿದ್ದು ಇಳಿದಾಗ ಮಾತ್ರ ಕೈ ಚಾಚುವುದು ನ್ಯಾಯವಾ?

ಏರಿದಾಗ ಕೇಳುವವರೂ ಇದ್ದಾರೆ ಅನ್ನುವುದು ತಮಾಷೆಯ ವಿಷಯ. ನಮ್ಮ ರೈಲ್ವೆಯೇ ಕೇಳಿದೆ. 2014ರ ಜೂನ್ 25ರಿಂದ ಪ್ರಯಾಣ ದರ ಏರಿದಾಗ ಮೊದಲೇ ಟಿಕೆಟ್ ಕಾದಿರಿಸಿದ್ದವರೂ ವ್ಯತ್ಯಾಸ ಕಟ್ಟಬೇಕಾಯಿತು. ಕೌಂಟರಿನಲ್ಲಿ, ಇಲ್ಲವೇ ರೈಲಿನಲ್ಲೇ ಟಿಟಿಇ ಕೈಗೆ. ಹಾಗಾದರೆ ಇಳಿದಾಗ ಕೊಟ್ಟರಾ? 2023ರ ಜುಲೈಯಲ್ಲಿ ರೈಲ್ವೆ ಮಂಡಳಿ ಜನ ಕಡಿಮೆ ಇರುವ ರೈಲುಗಳ ಎಸಿ ಚೇರ್ ಕಾರ್‌ನಂಥ ತರಗತಿಗಳಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಅವಕಾಶ ಮಾಡಿತು. ಅದೇ ಆದೇಶದಲ್ಲಿ ಇನ್ನೊಂದು ಸಾಲು ಇತ್ತು: ಈಗಾಗಲೇ ಬುಕ್ ಮಾಡಿದವರಿಗೆ ಹಣ ವಾಪಸ್ ಇಲ್ಲ. ಏರಿದರೂ ನಮ್ಮ ಜೇಬು, ಇಳಿದರೂ ನಮ್ಮ ಜೇಬು. ಇದರ ಮುಂದೆ ವಿಮಾನ ಕಂಪನಿಗಳೇ ಸಭ್ಯರಾಗಿ ಕಾಣುತ್ತವೆ.

ಆದರೆ ವಿಮಾನದ ಕರಾರು ನಿಜಕ್ಕೂ ಎರಡೂ ಕಡೆ ಸಮನಾಗಿದೆಯಾ? ನೋಡಿ. ಕಂಪನಿ ಹೊರಡುವ ಸಮಯ ಬದಲಿಸಬಹುದು. ಇರುವುದಕ್ಕಿಂತ ಹೆಚ್ಚು ಸೀಟು ಮಾರಬಹುದು. ವಿಮಾನವನ್ನೇ ರದ್ದು ಮಾಡಬಹುದು. ಸಾಕಷ್ಟು ಮೊದಲೇ ತಿಳಿಸಿದರೆ ನಿಮ್ಮ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳಬಹುದು. ಅದೇ ನೀವು ಎರಡು ತಿಂಗಳು ಮೊದಲೇ ಸೀಟು ಬಿಟ್ಟುಕೊಟ್ಟರೂ, ಅದನ್ನು ಮತ್ತೊಬ್ಬರಿಗೆ ಮಾರಲು ಅವರಿಗೆ ಬೇಕಾದಷ್ಟು ಸಮಯ ಇದ್ದರೂ, ದಂಡ ಕಟ್ಟಬೇಕು. ಹಿಂದಿನ ದಿನ ಕ್ಯಾನ್ಸಲ್ ಮಾಡಿದವನಿಗೆ ಶುಲ್ಕ ಹಾಕಿದರೆ ಒಪ್ಪಬಹುದು. ಅರವತ್ತು ದಿನ ಮೊದಲು ಕ್ಯಾನ್ಸಲ್ ಮಾಡಿದವನಿಂದ ಅರ್ಧ ಟಿಕೆಟ್ ಕಿತ್ತುಕೊಂಡರೆ ಅದು ಯಾವ ನಷ್ಟಕ್ಕೆ? ಆ ಹುಡುಗಿಗೆ ನಾನು ಕೊಡಬೇಕಿದ್ದ ಉತ್ತರ ಇದು. ಹೊಳೆದದ್ದು ತಡವಾಗಿ.

ಅಮೆರಿಕದಲ್ಲಿ ಗೋಡೆ ಬಿದ್ದ ಕತೆ

2019ರಲ್ಲಿ ಅಮೆರಿಕದ ವಿಮಾನ ಕಂಪನಿಗಳು ಟಿಕೆಟ್ ಬದಲಾವಣೆ ಮತ್ತು ಕ್ಯಾನ್ಸಲ್ ಶುಲ್ಕದಿಂದಲೇ ಸುಮಾರು 280 ಕೋಟಿ ಡಾಲರ್ ಗಳಿಸಿದ್ದವು. ದೇಶದೊಳಗಿನ ಟಿಕೆಟ್ ಬದಲಿಸಲು ದೊಡ್ಡ ಕಂಪನಿಗಳು ಸಾಮಾನ್ಯವಾಗಿ 200 ಡಾಲರ್ ಹಿಡಿಯುತ್ತಿದ್ದವು. ಆಗ ಅಲ್ಲಿನ ಪರಿಸ್ಥಿತಿಯೂ ನನ್ನದೇ. 80 ಡಾಲರ್ ಇಳಿದಿದೆ, ಪಡೆಯಲು 200 ಕೊಡು.

ಕೋವಿಡ್ ಬಂತು. ಪ್ರಯಾಣದ ದಿನ ಏನಾಗುತ್ತದೋ ಗೊತ್ತಿಲ್ಲ ಅಂತ ಯಾರೂ ಟಿಕೆಟ್ ತೆಗೆಯಲು ಮುಂದೆ ಬರಲಿಲ್ಲ. 2020ರ ಆಗಸ್ಟ್ 30ರಂದು ಯುನೈಟೆಡ್ ಏರ್‌ಲೈನ್ಸ್ ಬದಲಾವಣೆ ಶುಲ್ಕವನ್ನೇ ತೆಗೆದುಹಾಕುವುದಾಗಿ ಹೇಳಿತು. ಮರುದಿನವೇ ಡೆಲ್ಟಾ ಮತ್ತು ಅಮೆರಿಕನ್ ಅದೇ ಹಾದಿ ಹಿಡಿದವು. ಸೌತ್‌ವೆಸ್ಟ್ ಅಂಥ ಶುಲ್ಕವನ್ನು ಮೊದಲಿನಿಂದಲೂ ಹಾಕುತ್ತಿರಲಿಲ್ಲ. ದರ ಇಳಿದರೆ ವ್ಯತ್ಯಾಸ ಕೊಡುತ್ತೇವೆ ಎಂದು ಹೇಳುವುದು ಇವರ್ಯಾರ ಉದ್ದೇಶವೂ ಆಗಿರಲಿಲ್ಲ. ಶುಲ್ಕ ಹೋಯಿತು, ಅದರ ಬೆನ್ನಿಗೇ ವ್ಯತ್ಯಾಸ ತಾನಾಗಿ ಬಂತು. ಈಗ ಅಲ್ಲಿ ಜನ ಮಾಡುವುದು ಇಷ್ಟೆ: ತಮ್ಮ ಬುಕಿಂಗ್ ತೆರೆಯುತ್ತಾರೆ, ವಿಮಾನ ಬದಲಿಸಿ ಎಂದು ಒತ್ತುತ್ತಾರೆ, ತಮ್ಮದೇ ವಿಮಾನವನ್ನು ಮತ್ತೆ ಹೊಸ ದರಕ್ಕೆ ಆರಿಸಿಕೊಳ್ಳುತ್ತಾರೆ. ಇಲ್ಲವೇ ಕ್ಯಾನ್ಸಲ್ ಮಾಡಿ ಮರುಕ್ಷಣ ಅದನ್ನೇ ಕೊಳ್ಳುತ್ತಾರೆ. ವ್ಯತ್ಯಾಸ ಕ್ರೆಡಿಟ್ ಆಗಿ ಖಾತೆಗೆ ಬೀಳುತ್ತದೆ.

ಕ್ರೆಡಿಟ್ ಅನ್ನುವ ಪದ ಮರೆಯಬೇಡಿ. ಬ್ಯಾಂಕಿಗೆ ಬರುವ ಡಾಲರ್ ಅಲ್ಲ ಅದು, ಅದೇ ಕಂಪನಿಯಲ್ಲಿ ಮುಂದೆ ಹಾರಲು ಸಿಗುವ ಚೀಟಿ. ಸಾಮಾನ್ಯವಾಗಿ ಒಂದು ವರ್ಷದ ಆಯಸ್ಸು. ಎಲ್ಲಕ್ಕಿಂತ ಅಗ್ಗದ ಬೇಸಿಕ್ ಎಕಾನಮಿ ಟಿಕೆಟಿಗೆ ಈ ಸವಲತ್ತು ಬಹುಪಾಲು ಇಲ್ಲ. ಜನ ಈ ದಾರಿ ಕಲಿತ ಮೇಲೆ ಕಂಪನಿಗಳು ಬೇಲಿಯನ್ನು ಬೇರೆ ಕಡೆ ಹಾಕತೊಡಗಿವೆ. ಸೌತ್‌ವೆಸ್ಟ್ ಕೂಡ 2025ರ ಮೇ ತಿಂಗಳಿನಿಂದ ಬೇಸಿಕ್ ದರ ತಂದಿತು, ಕ್ರೆಡಿಟ್‌ಗಳಿಗೆ ಅವಧಿಯನ್ನೂ ಹಾಕಿತು.

ಗೂಗಲ್ ಒಂದು ಬೇರೆ ಪ್ರಯೋಗ ಮಾಡಿತು. ಅಮೆರಿಕದಿಂದ ಹೊರಡುವ ಕೆಲವು ಟಿಕೆಟ್‌ಗಳಿಗೆ ಬಣ್ಣದ ಗುರುತು ಹಾಕಿ, ಹೊರಡುವವರೆಗೆ ದರ ಇಳಿದರೆ ವ್ಯತ್ಯಾಸ ನಾವೇ ಕೊಡುತ್ತೇವೆ ಅಂದಿತು. ವರ್ಷಕ್ಕೆ ಗರಿಷ್ಠ 500 ಡಾಲರ್. ದರ ಇಳಿಯುವುದಿಲ್ಲ ಅಂತ ತನ್ನ ಲೆಕ್ಕಕ್ಕೆ ಚೆನ್ನಾಗಿ ಗೊತ್ತಿರುವ ಟಿಕೆಟ್‌ಗಳಿಗೆ ಮಾತ್ರ ಆ ಗುರುತು. ಮಳೆ ಬರದ ಊರಲ್ಲಿ ಕೊಡೆಗೆ ಗ್ಯಾರಂಟಿ ಕೊಟ್ಟ ಹಾಗೆ.

ಅಮೆರಿಕದ ಕಾನೂನು ನಿಜವಾಗಿ ಕೊಡುವುದು 24 ಗಂಟೆ ಮಾತ್ರ. ಹೊರಡಲು ಏಳು ದಿನ ಅಥವಾ ಹೆಚ್ಚು ಇದ್ದು, ವಿಮಾನ ಕಂಪನಿಯಲ್ಲೇ ನೇರವಾಗಿ ಬುಕ್ ಮಾಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ಕ್ಯಾನ್ಸಲ್ ಮಾಡಲು ಬಿಡಬೇಕು. ಅಥವಾ ದುಡ್ಡು ಕಟ್ಟಿಸಿಕೊಳ್ಳದೆ ಅಷ್ಟು ಹೊತ್ತು ದರವನ್ನು ಹಿಡಿದಿಡಬೇಕು. ಅಮೆರಿಕಕ್ಕೆ ಹಾರುವ ವಿದೇಶಿ ಕಂಪನಿಗಳೂ ಅಲ್ಲಿನ ಗ್ರಾಹಕರಿಗೆ ಟಿಕೆಟ್ ಮಾರುವಾಗ ಇದನ್ನು ಪಾಲಿಸಬೇಕು. ಸ್ಯಾನ್ ಹೋಸೆಯಲ್ಲೋ ಎಡಿಸನ್ನಿನಲ್ಲೋ ಕೂತು, ಬೆಂಗಳೂರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಟಿಕೆಟ್ ತೆಗೆಯುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ನಮ್ಮಲ್ಲಿ ಏನಿದೆ

ನಮ್ಮಲ್ಲಿ ದರ ಹಾಕುವುದು ಕಂಪನಿಗಳ ಇಷ್ಟ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ಸರ್ಕಾರ ದರ ನಿಗದಿ ಮಾಡುವುದನ್ನು ಬಿಟ್ಟಿತು. ರೀಫಂಡ್ ವಿಷಯಕ್ಕೆ ಡಿಜಿಸಿಎಯ ಪ್ರತ್ಯೇಕ ನಿಯಮ ಇದೆ. 2008ರಲ್ಲಿ ಬಂತು, 2016ರಲ್ಲಿ ದೊಡ್ಡ ತಿದ್ದುಪಡಿ ಆಯಿತು.

ಅದರಲ್ಲಿ ಕ್ಯಾನ್ಸಲ್ ಶುಲ್ಕಕ್ಕೆ ಮಿತಿ ಹಾಕಲಾಗಿದೆ. ಕೇಳಿ ಖುಷಿಪಡಬೇಡಿ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದರೆ ಎಷ್ಟಾಗುತ್ತದೋ ಅದಕ್ಕಿಂತ ಜಾಸ್ತಿ ಹಿಡಿಯಬಾರದು ಅನ್ನುವುದೇ ಆ ಮಿತಿ. ಅಂದರೆ ಕಂಪನಿ ತನಗೆ ಬಂದ ಪೂರ್ತಿ ದುಡ್ಡನ್ನು ಇಟ್ಟುಕೊಳ್ಳಬಹುದು, ನಿಮ್ಮ ಜೇಬಿನಿಂದ ಇನ್ನಷ್ಟು ಕೇಳಬಾರದು ಅಷ್ಟೆ. 2018ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೊಂದು ಈ ಶುಲ್ಕ ಮೂಲ ದರದ ಅರ್ಧಕ್ಕಿಂತ ಹೆಚ್ಚಿರಬಾರದು ಎಂದು ಶಿಫಾರಸು ಮಾಡಿತ್ತು. ಅದು ನಿಯಮವಾಗಲಿಲ್ಲ.

ನಿಜಕ್ಕೂ ಪ್ರಯೋಜನ ಇರುವ ಎರಡು ಅಂಶಗಳಿವೆ. ಒಂದು ತೆರಿಗೆ. ಟಿಕೆಟ್ ಎಷ್ಟೇ ಅಗ್ಗದ್ದಿರಲಿ, ರೀಫಂಡ್ ಇಲ್ಲ ಅಂತ ಬರೆದಿರಲಿ, ಸರ್ಕಾರದ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ, ಭದ್ರತಾ ಶುಲ್ಕ ವಾಪಸ್ ಕೊಡಲೇಬೇಕು. ದೇಶದೊಳಗಿನ ಪ್ರಯಾಣಕ್ಕೆ ಭದ್ರತಾ ಶುಲ್ಕವೊಂದೇ 200 ರೂಪಾಯಿ. ವಿಮಾನ ತಪ್ಪಿಸಿಕೊಂಡರೂ, ಹೋಗದೇ ಇದ್ದರೂ ಇದು ನಿಮ್ಮ ದುಡ್ಡು. ಎಷ್ಟೋ ಜನ ಟಿಕೆಟ್ ಹಾಳಾಯ್ತು ಅಂತ ಕೈಬಿಡುತ್ತಾರೆ, ಅರ್ಜಿ ಹಾಕುವುದೇ ಇಲ್ಲ. ಆ ದುಡ್ಡು ಎಲ್ಲಿ ಹೋಗುತ್ತದೆ ಅಂತ ಊಹಿಸಲು ಕಷ್ಟವೇನಿಲ್ಲ.

ಎರಡನೆಯದು ಲುಕ್-ಇನ್ ಆಯ್ಕೆ. 2016ರ ತಿದ್ದುಪಡಿಯ ಪ್ರಕಾರ ಹೊರಡಲು ಏಳು ದಿನಕ್ಕಿಂತ ಕಡಿಮೆ ಇಲ್ಲದಿದ್ದರೆ, ಬುಕ್ ಮಾಡಿದ 24 ಗಂಟೆಯೊಳಗೆ ಶುಲ್ಕವಿಲ್ಲದೆ ಕ್ಯಾನ್ಸಲ್ ಮಾಡಬಹುದಿತ್ತು ಅಥವಾ ಬದಲಿಸಬಹುದಿತ್ತು. 2025ರ ನವೆಂಬರಿನಲ್ಲಿ ಡಿಜಿಸಿಎ ಇದನ್ನು 48 ಗಂಟೆಗೆ ಏರಿಸುವ ಕರಡನ್ನು ಮುಂದಿಟ್ಟಿತು, 2026ರಲ್ಲಿ ಅದನ್ನು ನಿಯಮ ಮಾಡಿತು. ದೇಶದೊಳಗಿನ ವಿಮಾನಕ್ಕೆ ಏಳು ದಿನ, ಹೊರದೇಶದ್ದಕ್ಕೆ 15 ದಿನ ಬಾಕಿ ಇರಬೇಕು ಎಂಬ ಷರತ್ತು ಅದರಲ್ಲಿದೆ. ನೀವು ಬುಕ್ ಮಾಡುವ ದಿನ ಕಂಪನಿಯ ಪುಟದಲ್ಲಿ ಎಷ್ಟು ಗಂಟೆ, ಎಷ್ಟು ದಿನ ಅಂತ ಬರೆದಿದೆ ನೋಡಿಕೊಳ್ಳಿ. ಕಂಪನಿ ತಾನಾಗಿ ಸಮಯ ಬದಲಿಸದೆ, ವಿಮಾನ ರದ್ದು ಮಾಡದೆ ಇದ್ದರೆ, ನಮ್ಮ ದೇಶದಲ್ಲಿ ದರ ಇಳಿದಾಗ ಪೂರ್ತಿ ವ್ಯತ್ಯಾಸ ಸಿಗುವ ಕಾನೂನಿನ ಕಿಟಕಿ ಇದೊಂದೇ. ಟಿಕೆಟ್ ತೆಗೆದ ಮೇಲೆ ಮರೆತುಬಿಡುವ ಬದಲು ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಒಮ್ಮೆ ದರ ನೋಡುವುದು ಒಳ್ಳೆಯದು.

ಕ್ರೆಡಿಟ್ ಶೆಲ್, ಅಂದರೆ ಮುಂದಿನ ಟಿಕೆಟಿಗೆ ಅಂತ ಕಂಪನಿಯಲ್ಲೇ ಉಳಿಯುವ ದುಡ್ಡು, ಅದರ ಬಗ್ಗೆಯೂ ಒಂದು ಮಾತು. ರೀಫಂಡನ್ನು ದುಡ್ಡಾಗಿ ತಗೊಳ್ಳುವುದೋ, ಕಂಪನಿಯ ಖಾತೆಯಲ್ಲಿ ಇಡುವುದೋ ಅಂತ ಆರಿಸುವ ಹಕ್ಕು ನಿಮ್ಮದು, ಅವರದಲ್ಲ. ನಿಯಮದಲ್ಲೇ ಹಾಗಿದೆ. ಲಾಕ್‌ಡೌನ್ ಸಮಯದಲ್ಲಿ ಇದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಅಕ್ಟೋಬರ್ 1ರಂದು ರೀಫಂಡ್ ಪರವಾಗಿ ತೀರ್ಪು ಬಂತು. ದುಡ್ಡಿಲ್ಲದೆ ಒದ್ದಾಡುತ್ತಿದ್ದ ಕಂಪನಿಗಳಿಗೆ ಕ್ರೆಡಿಟ್ ಶೆಲ್ ಕೊಡಲು ಅವಕಾಶ ಸಿಕ್ಕರೂ, ತಿಂಗಳಿಗೆ ಅರ್ಧ ಪರ್ಸೆಂಟ್, ಆಮೇಲೆ ಮುಕ್ಕಾಲು ಪರ್ಸೆಂಟ್ ಸೇರಿಸಿ ಅಂತ ಕೋರ್ಟ್ ಹೇಳಿತು. ನನ್ನ ಸಲಹೆ, ದುಡ್ಡೇ ತಗೊಳ್ಳಿ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಅದರಲ್ಲಿ ದುಡ್ಡು ಇಟ್ಟಿದ್ದವರು ಕಂಪನಿಯಿಂದ ಬಾಕಿ ಬರಬೇಕಾದವರ ಸಾಲಿನ ಕೊನೆಯಲ್ಲಿ ನಿಂತರು.

ಎಮಿರೇಟ್ಸ್, ಲುಫ್ತಾನ್ಸಾದಂಥ ವಿದೇಶಿ ಕಂಪನಿಗಳು ತಮ್ಮ ದೇಶದ ನಿಯಮದ ಪ್ರಕಾರ ರೀಫಂಡ್ ಕೊಡಬಹುದು ಅಂತ ಡಿಜಿಸಿಎ ಬಿಟ್ಟುಕೊಟ್ಟಿದೆ. ಹಾಗಾಗಿ ಮಂಗಳೂರು–ದುಬೈ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರಿಗೆ ಅನ್ವಯಿಸುವ ನಿಯಮ, ಬೆಂಗಳೂರಿನಿಂದ ಎಮಿರೇಟ್ಸ್‌ನಲ್ಲಿ ಹೋಗುವವರಿಗೆ ಅನ್ವಯಿಸಬೇಕೆಂದಿಲ್ಲ.

ಒಮ್ಮೆ ಮಾತ್ರ ವಾಪಸ್ ಬಂತು

ಇಲ್ಲವೇ ಇಲ್ಲ ಅಂದೆನಲ್ಲ, ಒಂದು ಸಲ ಬಂದಿದೆ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿ ದೇಶವೇ ಅಲ್ಲಾಡಿದ್ದು ನೆನಪಿದೆ ಅಲ್ವಾ? ಉಳಿದ ವಿಮಾನಗಳ ದರ ಆಕಾಶಕ್ಕೇರಿತು. ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ತಾತ್ಕಾಲಿಕ ಮಿತಿ ಹಾಕಿತು. 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, ಸಾವಿರದವರೆಗೆ 12,000, ಒಂದೂವರೆ ಸಾವಿರದವರೆಗೆ 15,000, ಅದರಾಚೆಗೆ 18,000. ತೆರಿಗೆ ಮತ್ತು ನಿಲ್ದಾಣದ ಶುಲ್ಕ ಬೇರೆ.

ಆದೇಶ ಬಂದದ್ದಕ್ಕೂ ಎಲ್ಲ ಕಂಪ್ಯೂಟರ್‌ಗಳಲ್ಲಿ ದರ ಇಳಿದದ್ದಕ್ಕೂ ನಡುವೆ ಒಂದಿಷ್ಟು ಹೊತ್ತು ಹಿಡಿಯಿತು. ಆ ನಡುವೆ ಎಕಾನಮಿ ಟಿಕೆಟಿಗೆ ಮಿತಿಗಿಂತ ಜಾಸ್ತಿ ಮೂಲ ದರ ಕೊಟ್ಟವರಿಗೆ ವ್ಯತ್ಯಾಸ ವಾಪಸ್ ಕೊಡುತ್ತೇವೆ ಎಂದು ಏರ್ ಇಂಡಿಯಾ ಗುಂಪು ಪ್ರಕಟಿಸಿತು. ಅಂದರೆ ಮಾರಿದ ಟಿಕೆಟಿನ ದರವನ್ನು ಆಮೇಲೆ ಇಳಿಸಿ ದುಡ್ಡು ಹಿಂತಿರುಗಿಸುವುದು ತಾಂತ್ರಿಕವಾಗಿ ಆಗದ ಕೆಲಸವೇನಲ್ಲ. ಆದೇಶಕ್ಕೆ ಒಂದು ಗಂಟೆ ಮೊದಲು ಮದುವೆಗೋ ಸಾವಿಗೋ ಓಡುತ್ತಿದ್ದವರು ಕೊಟ್ಟ ದುಡ್ಡು ಮಾತ್ರ ಈ ಲೆಕ್ಕಕ್ಕೆ ಬರಲಿಲ್ಲ.

ಹಾಗಾದರೆ ಇದನ್ನೇ ಕಾನೂನು ಮಾಡಿಬಿಟ್ಟರೆ? ದರ ಇಳಿದರೆ ಹಿಂದೆ ಕೊಂಡವರಿಗೆಲ್ಲ ವ್ಯತ್ಯಾಸ ಕೊಡಬೇಕು ಅಂತ? ಮೊದಲು ನನಗೂ ಹಾಗೇ ಅನಿಸಿತ್ತು. ಯೋಚಿಸಿದ ಮೇಲೆ ಮನಸ್ಸು ಬದಲಾಯಿತು. 120 ಸೀಟು ಮಾರಿಯಾಗಿದೆ, 60 ಉಳಿದಿವೆ ಅಂದುಕೊಳ್ಳಿ. ಉಳಿದ ಸೀಟಿನ ದರವನ್ನು ಸಾವಿರ ಇಳಿಸಿದರೆ ಈಗ ಕಂಪನಿಗೆ ಆಗುವ ಖರ್ಚು ಆ 60 ಸೀಟಿನದು ಮಾತ್ರ. ಕಾನೂನು ಬಂದರೆ ಮಾರಿದ 120 ಸೀಟಿಗೂ ಸಾವಿರದಂತೆ 1,20,000 ರೂಪಾಯಿ ವಾಪಸ್ ಕೊಡಬೇಕು. ಯಾವ ಮ್ಯಾನೇಜರ್ ದರ ಇಳಿಸುತ್ತಾನೆ? ಸೀಟು ಖಾಲಿ ಹಾರಿದರೂ ಸರಿ ಅನ್ನುತ್ತಾನೆ. ನನಗೆ ವ್ಯತ್ಯಾಸ ಬರುವುದಿಲ್ಲ, ಯಾಕೆಂದರೆ ವ್ಯತ್ಯಾಸವೇ ಇರುವುದಿಲ್ಲ. ಭಾಮೈದನಿಗೂ 7,450 ಬೀಳುತ್ತದೆ. ನನ್ನ ಹೊಟ್ಟೆಯುರಿ ಕಮ್ಮಿ ಆಗಬಹುದು, ಲಾಭ ಯಾರಿಗೂ ಇಲ್ಲ. ಅದೂ ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಒಂದೇ ಕಂಪನಿಯಲ್ಲಿ ಹಾರುವ ನಮ್ಮಂಥ ಮಾರುಕಟ್ಟೆಯಲ್ಲಿ ದರ ಇಳಿಸದೇ ಇರಲು ಒಂದು ನೆಪ ಕೊಡುವುದು ಜಾಣತನ ಅಲ್ಲ.

ಕ್ಯಾನ್ಸಲ್ ಶುಲ್ಕ ಇಳಿಸಿದರೆ ಹೀಗಾಗುವುದಿಲ್ಲ. ದರ ನೋಡುತ್ತಾ ಇರುವ ಕೆಲವರು ಬದಲಿಸಿಕೊಳ್ಳುತ್ತಾರೆ, ಉಳಿದವರು ಬದಲಿಸುವುದಿಲ್ಲ. ಕಂಪನಿಗೆ ಅಷ್ಟು ಹೊರೆ ಆಗದು. ಹೊರಡಲು ತಿಂಗಳಿದ್ದರೆ ಇಷ್ಟು, ವಾರವಿದ್ದರೆ ಇಷ್ಟು ಅಂತ ಮೂಲ ದರದ ಪಾಲಾಗಿ ಶುಲ್ಕ ಹಾಕಲಿ. ರೈಲಿನಲ್ಲಿ ಸಮಯ ನೋಡಿಯೇ ಅಲ್ವಾ ಹಿಡಿಯುವುದು? 2018ರ ಸಮಿತಿಯ ಶಿಫಾರಸನ್ನಾದರೂ ಎತ್ತಿಕೊಂಡರೆ ನನ್ನಂಥವರ ಅರ್ಧ ಜಗಳ ಮುಗಿಯುತ್ತದೆ.

ಪೂರ್ತಿ ಬೇರೆ ದಾರಿಯನ್ನೂ ಒಬ್ಬರು ಹಿಡಿದು ನೋಡಿದರು. ಸರ್ಕಾರಿ ಅಲಯನ್ಸ್ ಏರ್ 2025ರ ಅಕ್ಟೋಬರಿನಲ್ಲಿ ಕೆಲವು ಮಾರ್ಗಗಳಲ್ಲಿ ಒಂದೇ ಸ್ಥಿರ ದರದ ಪ್ರಯೋಗ ಶುರು ಮಾಡಿತು. ಎರಡು ತಿಂಗಳು ಮೊದಲು ತಗೊಂಡರೂ ಅದೇ, ಹಿಂದಿನ ದಿನ ತಗೊಂಡರೂ ಅದೇ. ಬಸ್ ಚಾರ್ಜಿನ ಹಾಗೆ. ನೆಮ್ಮದಿಯ ವಿಷಯವೇ. ಬೆಂಗಳೂರು–ದೆಹಲಿಯಂಥ ಮಾರ್ಗದಲ್ಲಿ ಇದು ನಡೆಯುತ್ತದೆ ಅಂತ ನನಗೆ ನಂಬಿಕೆಯಿಲ್ಲ. ದಿನಕ್ಕೆ ಕೆಲವೇ ವಿಮಾನ ಇರುವ ಶಿವಮೊಗ್ಗದಂಥ ಊರುಗಳಿಗೆ ಮಾತ್ರ ಇಂಥದ್ದೊಂದು ಬಂದರೆ ಒಳ್ಳೆಯದು. ಅಲ್ಲಿ ಇಳಿಯುವ ದರದ ಸಮಸ್ಯೆಗಿಂತ ಇಳಿಯದ ದರದ ಸಮಸ್ಯೆಯೇ ದೊಡ್ಡದು.

ಕೈಯಲ್ಲಿ ಟಿಕೆಟ್ ಇದ್ದರೆ

ಈಗಿರುವ ನಿಯಮದಲ್ಲಿ ಏನು ಮಾಡಬಹುದು ಅಂದರೆ, ದೇಶದೊಳಗಿನ ಅಗ್ಗದ ಟಿಕೆಟ್ ತೆಗೆದು ಲುಕ್-ಇನ್ ಅವಧಿ ದಾಟಿದ ಮೇಲೆ ದರ ನೋಡುವುದನ್ನು ಬಿಡಿ. ಸುಮ್ನೆ ಬಿಪಿ. ಶುಲ್ಕ ಒಬ್ಬೊಬ್ಬರಿಗೆ, ಒಂದೊಂದು ಹಾರಾಟಕ್ಕೆ ಬೀಳುತ್ತದೆ. ಅದನ್ನು ಮೀರುವಷ್ಟು ಇಳಿಯುವುದು ಅಪರೂಪ. ಮೇಲೆ ಬುಕಿಂಗ್ ಜಾಲತಾಣದ ಸೇವಾ ಶುಲ್ಕ ಮತ್ತೊಮ್ಮೆ ಕಟ್ಟಬೇಕು, ಮೊದಲಿನದು ವಾಪಸ್ ಬರುವುದಿಲ್ಲ.

ಹೊರದೇಶದ ಟಿಕೆಟಿನ ಕತೆ ಬೇರೆ. ಬೆಂಗಳೂರಿನಿಂದ ನ್ಯೂಯಾರ್ಕ್‌ಗೆ ಹೋಗಿಬರುವ ಟಿಕೆಟ್ 1,10,000ಕ್ಕೆ ತೆಗೆದಿದ್ದೀರಿ, ಈಗ 82,000 ಆಗಿದೆ, ಕ್ಯಾನ್ಸಲ್ ಶುಲ್ಕ 15,000 ಅಂದುಕೊಳ್ಳಿ. ಆಗ 13,000 ಉಳಿಯುತ್ತದೆ. ಇಲ್ಲಿ ವಾರಕ್ಕೊಮ್ಮೆ ದರ ನೋಡುವುದು ಲಾಭ. ಇಂಥ ಟಿಕೆಟ್ ತೆಗೆಯುವಾಗಲೇ ದರದ ಜೊತೆ ಶುಲ್ಕದ ಸಾಲನ್ನೂ ಓದಿ. ಎರಡು ಸಾವಿರ ಜಾಸ್ತಿಯಾದರೂ ಶುಲ್ಕ ಕಡಿಮೆ ಇರುವ ಟಿಕೆಟ್ ಎಷ್ಟೋ ಸಲ ಒಳ್ಳೆಯದು. ಬದಲಾವಣೆ ಬೇರೆ, ಕ್ಯಾನ್ಸಲ್ ಬೇರೆ ಅನ್ನುವುದೂ ನೆನಪಿರಲಿ. ನಮ್ಮಲ್ಲಿ ಬದಲಾವಣೆ ಮಾಡಿದಾಗ ಹೊಸ ದರ ಹೆಚ್ಚಿದ್ದರೆ ಹೆಚ್ಚಿನದು ಕಟ್ಟಿಸಿಕೊಳ್ಳುತ್ತಾರೆ, ಕಡಿಮೆ ಇದ್ದರೆ ಬಹುಪಾಲು ಏನೂ ಕೊಡುವುದಿಲ್ಲ.

ಹಳೆಯದನ್ನು ಇಟ್ಟುಕೊಂಡೇ ಅದೇ ವಿಮಾನಕ್ಕೆ ಅದೇ ಹೆಸರಿನಲ್ಲಿ ಇನ್ನೊಂದು ಟಿಕೆಟ್ ತೆಗೆಯಬೇಡಿ. ಒಬ್ಬರ ಹೆಸರಿನಲ್ಲಿ ಎರಡು ಬುಕಿಂಗ್ ಕಂಡರೆ ಕೆಲವು ಕಂಪನಿಗಳ ಕಂಪ್ಯೂಟರ್ ತಾನೇ ಒಂದನ್ನು ಹೊಡೆದುಹಾಕುತ್ತದೆ. ಯಾವುದನ್ನು ಅಂತ ನಿಮ್ಮನ್ನು ಕೇಳುವುದಿಲ್ಲ. ಹೊಸ ದರ ಪೇಮೆಂಟ್ ಪುಟದವರೆಗೂ ಹಾಗೇ ಇದೆಯಾ ಅಂತ ನೋಡಿಕೊಂಡು, ಹಳೆಯದನ್ನು ಕ್ಯಾನ್ಸಲ್ ಮಾಡಿ, ತಕ್ಷಣ ಹೊಸದನ್ನು ತಗೊಳ್ಳಿ. ರೀಫಂಡ್ ತಡವಾದರೆ ಸರ್ಕಾರದ ಏರ್‌ಸೇವಾ ಪೋರ್ಟಲಿನಲ್ಲಿ ದೂರು ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಏಜೆಂಟ್ ಕಡೆಯಿಂದ ತೆಗೆದ ಟಿಕೆಟ್ ಆದರೂ ರೀಫಂಡಿನ ಹೊಣೆ ವಿಮಾನ ಕಂಪನಿಯದೇ ಅಂತ ನಿಯಮ ಹೇಳುತ್ತದೆ. ಏಜೆಂಟ್ ಮೇಲೆ ಬೆರಳು ತೋರಿಸಿದರೆ ಆ ಸಾಲನ್ನೇ ಅವರಿಗೆ ಕಳಿಸಿ.

ಇನ್ನೊಂದು ದಾರಿ ತಾನಾಗಿ ತೆರೆದುಕೊಳ್ಳುವಂಥದ್ದು. ಕಂಪನಿಯೇ ಸಮಯವನ್ನು ದೊಡ್ಡದಾಗಿ ಬದಲಿಸಿದರೆ ಅಥವಾ ವಿಮಾನ ರದ್ದು ಮಾಡಿದರೆ ಶುಲ್ಕವಿಲ್ಲದೆ ಪೂರ್ತಿ ರೀಫಂಡ್ ತಗೊಳ್ಳಬಹುದು, ಇಲ್ಲವೇ ಬೇರೆ ವಿಮಾನ ಆರಿಸಿಕೊಳ್ಳಬಹುದು. ಇಂಡಿಗೋದಲ್ಲಿ ಇದಕ್ಕೆ ಪ್ಲಾನ್ ಬಿ ಅಂತ ಒಂದು ಪುಟವೇ ಇದೆ. ಆ ಸಂದೇಶ ಬಂದ ದಿನ ಬೇಜಾರು ಮಾಡಿಕೊಳ್ಳುವ ಮೊದಲು ಹೊಸ ದರ ನೋಡಿ. ಇಳಿದಿದ್ದರೆ ರೀಫಂಡ್ ತಗೊಂಡು ಹೊಸದಾಗಿ ಬುಕ್ ಮಾಡಿ, ಆಗ ನಿಮ್ಮ ಮುಂದೆ ಗೋಡೆಯೇ ಇರುವುದಿಲ್ಲ.

ನನಗೂ ಆ ಸಂದೇಶ ಬಂತು. ಹೊರಡಲು ಮೂರು ವಾರ ಇದ್ದಾಗ ನಮ್ಮ ವಿಮಾನವನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ತಳ್ಳಿದ್ದರು. ಬೇಕಿದ್ದರೆ ಪೂರ್ತಿ ರೀಫಂಡ್ ಅಂತ ಬರೆದಿತ್ತು. ಇದೇ ಸಮಯ ಅಂತ ಲ್ಯಾಪ್‌ಟಾಪ್ ತೆಗೆದು ನಾಲ್ಕು ಜನಕ್ಕೆ ಹಾಕಿ ಹುಡುಕಿದೆ. ತಲೆಗೆ 8,900. ಸಂದೇಶದ ಕೆಳಗೆ ಒಪ್ಪಿಗೆ ಎಂದಿದ್ದ ಕಡೆ ಒತ್ತಿ, ಭಾಮೈದನಿಗೆ ಫೋನ್ ಮಾಡಿ ಮಧ್ಯಾಹ್ನದ ಊಟ ಕಟ್ಟಿಕೊಂಡು ಬಾ ಅಂದೆ.